ದೊಡ್ಡಪ್ಪನ ಫೈಲು ಮತ್ತು ತೆಂಗಿನ ಮರದ ಮೆಟ್ಟಿಲು

ಕಂಪ್ಯೂಟರ್ ತೆರೆಯ ಮೇಲೆ ಕಬ್ಬಿಣದ ಪಟ್ಟಿ ಬಾಳೆಹಣ್ಣಿನ ಹಾಗೆ ಬಾಗಿದ್ದು ಕಂಡ ಕೂಡಲೇ ಗಿರಾಕಿಗೆ ತೋರಿಸಬೇಡಿ. ಮೊದಲು ಟೀ ತರಿಸಿ. ಲೋಟ ಕೈಗೆ ಬಂದ ಮೇಲೆ ತೆರೆ ತಿರುಗಿಸಿ; ಬಿಸಿ ಲೋಟ ಹಿಡಿದವನು ಥಟ್ಟನೆ ಎದ್ದು ಹೋಗಲಾರ. ಹೊಸಕೋಟೆ ಕಡೆಯ ಒಬ್ಬ ಗೇಟು ತಯಾರಕರಿಗೆ ನಮ್ಮ ಆಫೀಸಿನವರು ಟೀ ಕೊಡದೆ ತೋರಿಸಿಬಿಟ್ಟರು. ತಮ್ಮ ಗೇಟಿನ ಕೀಲು ತೆರೆಯ ಮೇಲೆ ಬಳುಕಾಡುವುದನ್ನು ನೋಡಿ, "ಇದೇನ್ರೀ, ಸೊಂಟಾನೇ ಮುರ್ಕೊಂಡೈತೆ!" ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟೇಹೋದರು. ನಿಜಕ್ಕೂ ಆ ಕೀಲು ಬಾಗಿದ್ದು ಕೂದಲೆಳೆಯಷ್ಟು. ಕಣ್ಣಿಗೆ ಕಾಣಲಿ ಎಂದು ಸಾಫ್ಟ್‌ವೇರ್ ಅದನ್ನು ನೂರಾರು ಪಟ್ಟು ಹಿಗ್ಗಿಸಿ ತೋರಿಸುತ್ತದೆ. ಹಾಗೆಂದು ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಸಣ್ಣ ಅಕ್ಷರವನ್ನು ಈ ದೇಶದಲ್ಲಿ ಯಾರು ಓದುತ್ತಾರೆ?

ನಾನು ಹೋದ ವರ್ಷ ದಾಬಸ್‌ಪೇಟೆಯ ಒಂದು ಕಾರ್ಖಾನೆಯಿಂದ ನಿವೃತ್ತನಾದೆ. ಕಬ್ಬಿಣದ ತಗಡು ಕತ್ತರಿಸಿ, ಬಗ್ಗಿಸಿ, ತೂತು ಕೊರೆದು ಮಾರುವ ಕಾರ್ಖಾನೆ. ಡಿಪ್ಲೊಮಾ ಮುಗಿಸಿ ನಕ್ಷೆ ಬರೆಯುವ ಹಲಗೆಯ ಮುಂದೆ ನಿಂತವನು, ಕೊನೆಗೆ ಕಂಪ್ಯೂಟರಿನ ಮುಂದೆ ಕೂತು ಎದ್ದೆ. ನಡುವೆ ಸಿಕ್ಕ ಬಡ್ತಿಗಳ ವಿವರ ನನ್ನ ಹೆಂಡತಿಗೇ ಬೇಕಿಲ್ಲ, ನಿಮಗೇಕೆ? ಈ ಕೆಲಸಕ್ಕೆ ಈಗ ಸೇರುತ್ತಿರುವ ಹುಡುಗ ಹುಡುಗಿಯರಿಗೆ ಕಾಲೇಜಿನಲ್ಲಿ ಹೇಳಿಕೊಡದ ಒಂದು ಸಂಗತಿಯನ್ನು ಹೇಳುವುದಿದೆ. ಅದನ್ನು ಹೇಳಬೇಕೆಂದರೆ ತ್ಯಾಮಗೊಂಡ್ಲು ಕಡೆಯ ಲಕ್ಷ್ಮೀದೇವಮ್ಮ ತೆಂಗಿನ ಮರ ಹತ್ತಿದ ಕಥೆ ಹೇಳಬೇಕು. ನಾವು ತೆರೆಯ ಮೇಲೆ ಹಾಕಿದ ಲೆಕ್ಕವನ್ನು ನಂಬಿ ಆಕೆ ಮೇಲೆ ಹೋಗಬೇಕಿತ್ತು. ಲೆಕ್ಕ ತಪ್ಪಿದರೆ ಕೆಳಗೆ ಬರುವುದು ಲೆಕ್ಕವಲ್ಲ.

ಮೊದಲು ಕೆಲಸ ಏನೆಂದು ಹೇಳುತ್ತೇನೆ. ಒಂದು ಗಟ್ಟಿ ವಸ್ತುವನ್ನು ತೆರೆಯ ಮೇಲೆ ಕೊಬ್ಬರಿ ಮಿಠಾಯಿಯಂತೆ ಸಾವಿರಾರು ಚೂರು ಮಾಡಬೇಕು. ಒಂದು ಕಡೆ ಹಿಡಿದುಕೊಳ್ಳಬೇಕು, ಇನ್ನೊಂದು ಕಡೆ ಭಾರ ಹೇರಬೇಕು. ಆಗ ಪ್ರತಿ ಚೂರೂ ಪಕ್ಕದ ಚೂರಿನೊಡನೆ ಚೌಕಾಸಿಗೆ ಇಳಿಯುತ್ತದೆ: ನೀನೆಷ್ಟು ಸರೀತೀಯ, ನಾನೆಷ್ಟು ಸರೀಲಿ ಎಂದು. ಎಲ್ಲರ ಚೌಕಾಸಿ ಕುದುರಿದಾಗ ವಸ್ತು ಎಷ್ಟು ಬಾಗಿತು, ಎಲ್ಲಿ ಹೆಚ್ಚು ನೊಂದಿತು ಎಂಬ ಉತ್ತರ ಬರುತ್ತದೆ. ಭಾರ ಇಳಿಸಿದಾಗ ವಸ್ತು ಹಳೆಯ ಆಕಾರಕ್ಕೆ ಮರಳಬೇಕು. ಪುಸ್ತಕದವರು ಅದನ್ನು ಸ್ಥಿತಿಸ್ಥಾಪಕತೆ ಎನ್ನುತ್ತಾರೆ. ನಾವು "ವಾಪಸ್ ಬಂತು" ಎನ್ನುತ್ತಿದ್ದೆವು. ವಾಪಸ್ ಬರದಿದ್ದರೆ ಏನೆನ್ನುತ್ತಿದ್ದೆವು ಎಂಬುದನ್ನು ಅಚ್ಚು ಹಾಕಲಾಗದು.

ಈ ಸಾಫ್ಟ್‌ವೇರ್ ನಮ್ಮಲ್ಲಿಗೆ ಬಂದದ್ದೂ ಚೌಕಾಸಿಯಿಂದಲೇ. ಮಾರಲು ಬಂದವನು ಟೈ ಕಟ್ಟಿದ್ದ. ವಿಮಾನದ ರೆಕ್ಕೆ ಬಾಗುವುದನ್ನು ತೋರಿಸಿದ. ನಾನು ಮೇಜಿನ ಕೆಳಗಿನಿಂದ ನಮ್ಮದೇ ಒಂದು ತುಕ್ಕು ಹಿಡಿದ ಪಟ್ಟಿ ತೆಗೆದು, "ರೆಕ್ಕೆ ನಾವು ಮಾಡಲ್ಲ ಸ್ವಾಮಿ, ಇದನ್ನ ಬಗ್ಗಿಸಿ ತೋರ್ಸಿ" ಎಂದೆ. ಅವನು ಪಟ್ಟಿಯ ಅಳತೆ ತೆಗೆಯುವಷ್ಟರಲ್ಲಿ ಟೈ ಸಡಿಲಾಯಿತು. ಟೈ ಸಡಿಲಾದ ಮೇಲೆ ಬೆಲೆ ಸಡಿಲಾಗಲು ಎಷ್ಟು ಹೊತ್ತು? ಮಾರುವವನು ತಾನೇ ತಂದ ಮಾದರಿಯನ್ನು ಮಾತ್ರ ತೋರಿಸಿದರೆ ಎದ್ದು ಬನ್ನಿ. ಮಾವಿನಹಣ್ಣಿನ ಬುಟ್ಟಿಯ ಮೇಲಿನ ಸಾಲು ನೋಡಿ ಯಾರೂ ಬುಟ್ಟಿ ಕೊಳ್ಳುವುದಿಲ್ಲ. ಒಬ್ಬರಿಗೆ ತರಬೇತಿ ಎಂದು ಒಪ್ಪಂದವಾಗಿತ್ತು. ನಾನು ಇಬ್ಬರನ್ನು ಕೂರಿಸಿದೆ. ಆ ಎರಡನೆಯವನೇ ಇರ್ಫಾನ್. ದೊಡ್ಡಬಳ್ಳಾಪುರದವನು, ನಕ್ಷೆ ವಿಭಾಗದಲ್ಲಿದ್ದವನು, ಕೈಗಿಂತ ಬಾಯಿ ಚುರುಕು. ಮುಂದೆ ವರ್ಷಗಟ್ಟಲೆ ನನ್ನ ಪಕ್ಕದ ಕುರ್ಚಿಯಲ್ಲಿ ಕೂತು ನನ್ನನ್ನು ರೇಗಿಸಿದವನು.

ನಮ್ಮ ಯಜಮಾನರು ಶಿವನಂಜಪ್ಪನವರು. ದೇಹ ದೊಡ್ಡದು, ದನಿ ಅದಕ್ಕೂ ದೊಡ್ಡದು. ಅವರಿಗೆ ಅಂಕಿ ಬೇಡ, ಬಣ್ಣ ಬೇಕು. ಒತ್ತಡ ಕಡಿಮೆಯಿದ್ದ ಕಡೆ ನೀಲಿ, ನಡುವೆ ಹಸಿರು, ಹೆಚ್ಚಾದ ಕಡೆ ಕೆಂಪು. ಇದು ಸಾಫ್ಟ್‌ವೇರಿನ ಪದ್ಧತಿ.

"ಕೆಂಪು ಯಾಕ್ರೀ ಇದೆ ಇಲ್ಲಿ?"

"ಸಾರ್, ಎಲ್ಲೋ ಒಂದು ಕಡೆ ಎಲ್ಲಕ್ಕಿಂತ ಹೆಚ್ಚು ಅಂತ ಇರಲೇಬೇಕಲ್ಲ. ಅಲ್ಲಿಗೆ ಕೆಂಪು ಬಳೀತದೆ ಅಷ್ಟೆ. ಕೆಂಪು ಅಂದ್ರೆ ಮುರೀತು ಅಂತಲ್ಲ. ಪಕ್ಕದ ಅಂಕಿ ನೋಡಿ."

"ಅಂಕಿ ನೀವ್ ನೋಡ್ಕೊಳ್ಳಿ. ನನಗೆ ಹಸ್ರು ಮಾಡ್ಕೊಡಿ."

ಹಸಿರು ಮಾಡುವುದು ಸುಲಭ. ಯಾವ ಅಂಕಿಗೆ ಯಾವ ಬಣ್ಣ ಎಂದು ಹೇಳುವ ಅಳತೆಪಟ್ಟಿಯ ಮೇಲಿನ ತುದಿಯನ್ನು ಎಳೆದು ಎತ್ತರಿಸಿದರೆ ಕೆಂಪೆಲ್ಲ ಹಸಿರಾಗುತ್ತದೆ. ಕಬ್ಬಿಣಕ್ಕೆ ಮಾತ್ರ ಅದು ಗೊತ್ತಾಗುವುದಿಲ್ಲ. ಜ್ವರ ಬಂದವನಿಗೆ ಉದ್ದನೆಯ ಥರ್ಮಾಮೀಟರ್ ಇಟ್ಟ ಹಾಗೆ. ಈ ಎಳೆದಾಟ ನೀವು ಸೇರುವ ಆಫೀಸಿನಲ್ಲೂ ನಡೆಯುತ್ತದೆ. ಚಿತ್ರ ಕೈಗೆ ಬಂದ ಕೂಡಲೇ ಅಳತೆಪಟ್ಟಿಯ ತುದಿಯಲ್ಲಿ ಏನಿದೆ ಎಂದು ನೋಡಿ. ಚಿತ್ರ ಆಮೇಲೆ ನೋಡಿದರಾಯಿತು.

ಈಗ ಮರದ ವಿಷಯ. ತ್ಯಾಮಗೊಂಡ್ಲು ಸುತ್ತಿನ ತೆಂಗಿನ ತೋಟದವರ ಸಂಘವೊಂದು ನಮ್ಮಲ್ಲಿಗೆ ಬಂತು. ಮರ ಹತ್ತುವವರು ಸಿಗುತ್ತಿಲ್ಲ, ಕಾಯಿ ಒಣಗಿ ತಾವೇ ಬಿದ್ದು ಯಾರದೋ ತಲೆ ನೋಡುತ್ತಿವೆ, ಹೆಂಗಸರೂ ಹತ್ತಬಹುದಾದ ಸಾಧನ ಬೇಕು ಎಂದರು. ಮರವನ್ನು ಬಳೆಯಂತೆ ಅಪ್ಪುವ ಎರಡು ಚೌಕಟ್ಟು. ಒಂದಕ್ಕೆ ಕೈ, ಒಂದಕ್ಕೆ ಕಾಲು. ಕಾಲಿಡಲು ಒಂದು ಮೆಟ್ಟಿಲು: ಗೋಡೆಗೆ ಹೊಡೆದ ಹಲಗೆಯಂತೆ ಲಂಬಕೋನಕ್ಕೆ ಬಗ್ಗಿಸಿದ ಒಂದು ಉಕ್ಕಿನ ಪಟ್ಟಿ, ಅದರ ಬೆನ್ನು ಎರಡು ಬೋಲ್ಟುಗಳಿಂದ ಚೌಕಟ್ಟಿಗೆ ಬಿಗಿದದ್ದು. ಇಷ್ಟೇ. ಕಾಲೇಜಿನ ಮೊದಲ ಪಾಠದಲ್ಲಿ ಬರುವಷ್ಟು ಸರಳವಾದ ವಸ್ತು. ಸರಳವಾದದ್ದಕ್ಕೆ ಹೆಚ್ಚು ಹೆದರಿ, ಏಕೆಂದರೆ ಅದನ್ನು ಯಾರೂ ಎರಡನೇ ಸಲ ನೋಡುವುದಿಲ್ಲ.

ಸಂಘದವರು ಹತ್ತಿ ತೋರಿಸಲು ಲಕ್ಷ್ಮೀದೇವಮ್ಮನನ್ನು ಕಳಿಸಿದರು. ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಮಾಡುತ್ತಿದ್ದವಳು. ಸಾಧನ ಒಪ್ಪಿಗೆಯಾದರೆ ಊರೂರಿನ ಹೆಂಗಸರಿಗೆ ಹತ್ತುವುದನ್ನು ಕಲಿಸುವ ಕೆಲಸ ಅವಳಿಗೇ ಎಂದು ಸಂಘ ಮಾತು ಕೊಟ್ಟ ಮೇಲೆ ಹೊಲಿಗೆ ಬಿಟ್ಟು ಬಂದಿದ್ದಳು. ಬಂದ ದಿನವೇ ಮೆಟ್ಟಿಲನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ ಕೇಳಿದಳು:

"ಇದು ತಡೀತದಾ ಸಾರ್?"

"ಕಂಪ್ಯೂಟರಲ್ಲಿ ನೋಡ್ತಿದ್ದೀವಿ ಕಣಮ್ಮ."

"ಕಂಪ್ಯೂಟ್ರು ಮರ ಹತ್ತದಾ?"

ಇರ್ಫಾನ್ ಬಿದ್ದು ಬಿದ್ದು ನಕ್ಕ. ನಾನು ನಗಲಿಲ್ಲ. ಏಕೆಂದರೆ ಅದಕ್ಕೂ ಮುಂಚೆ ಯಜಮಾನರು ನನಗೊಂದು ಮಾತು ಹೇಳಿದ್ದರು. ಪ್ರದರ್ಶನದ ದಿನ ಆಕೆ ಸೊಂಟಕ್ಕೆ ಸುರಕ್ಷತೆಯ ಬೆಲ್ಟ್ ಹಾಕಬಾರದಂತೆ. "ಬೆಲ್ಟ್ ಹಾಕಿದ್ರೆ ನಮ್ಮ ಮಾಲಿನ ಮೇಲೆ ನಮಗೇ ನಂಬಿಕೆ ಇಲ್ಲ ಅಂತಾಗ್ತದೆ. ಫೋಟೋ ಬೇರೆ ತೆಗೀತಾರೆ."

ಇಲ್ಲಿ ದೊಡ್ಡಪ್ಪ ಬರುತ್ತಾನೆ. ದೊಡ್ಡಪ್ಪ ಎಂದರೆ ಮನುಷ್ಯನಲ್ಲ, ಒಂದು ಫೈಲು. ನಮ್ಮಲ್ಲಿ ಯಾರೂ ಲೆಕ್ಕವನ್ನು ಮೊದಲಿನಿಂದ ಶುರು ಮಾಡುತ್ತಿರಲಿಲ್ಲ. ಸಾಫ್ಟ್‌ವೇರ್ ಬಂದ ಹೊಸದರಲ್ಲಿ, ಕಂಬಕ್ಕೆ ಬೆಸುಗೆ ಹಾಕಿದ ಒಂದು ಪಟ್ಟಿಗಾಗಿ ಯಾರೋ ಮಾಡಿದ ಫೈಲಿತ್ತು. ಹೊಸ ಪಟ್ಟಿ ಬಂದಾಗಲೆಲ್ಲ ಅದನ್ನು ತೆರೆದು, ಅಳತೆ ಬದಲಿಸಿ, ಭಾರ ಬದಲಿಸಿ, ಹೆಸರು ಬದಲಿಸಿ ಓಡಿಸುವುದು ರೂಢಿ. ಅದರಿಂದ ಹುಟ್ಟಿದ ಮಕ್ಕಳು ಮೊಮ್ಮಕ್ಕಳಿಂದ ಕಂಪ್ಯೂಟರ್ ತುಂಬಿತ್ತು. ಹಾಗಾಗಿ ಮೂಲ ಫೈಲಿಗೆ ಇರ್ಫಾನ್ ಇಟ್ಟ ಹೆಸರು ದೊಡ್ಡಪ್ಪ. "ದೊಡ್ಡಪ್ಪನ್ನ ಕೇಳೋಣ ಸಾರ್" ಎಂದರೆ ಅರ್ಧ ಗಂಟೆಯಲ್ಲಿ ಉತ್ತರ. ಮೆಟ್ಟಿಲಿನ ಲೆಕ್ಕವೂ ಹಾಗೆಯೇ ಆಯಿತು. ಎಲ್ಲ ಹಸಿರು, ಅಳತೆಪಟ್ಟಿ ಎಳೆಯದೆಯೇ ಹಸಿರು. ಆಕೆಯ ಎರಡರಷ್ಟು ತೂಕಕ್ಕೂ ಮೆಟ್ಟಿಲು ತಡೆಯುತ್ತದೆ ಎಂದಿತು. ಪೆನ್ಸಿಲಿನಲ್ಲಿ ಸೂತ್ರ ಹಾಕಿ ತಾಳೆ ನೋಡಿದೆ; ಅದೂ ಸರಿಯಾಗಿ ಕೂತಿತು. ಯಜಮಾನರು ಶುಕ್ರವಾರಕ್ಕೆ ಪ್ರದರ್ಶನ ಗೊತ್ತು ಮಾಡಿ, ಸಂಘದವರಿಗೆ ಊಟವನ್ನೂ ಹೇಳಿಬಿಟ್ಟರು.

ಎರಡು ಕಡೆ ಒಂದೇ ಬೆಲೆ ಹೇಳಿದರೆ ಮೂರನೇ ಅಂಗಡಿಗೆ ಹೋಗುವುದು ನನ್ನ ಹುಟ್ಟುಗುಣ. ಕಾರ್ಖಾನೆಯ ಹಿತ್ತಲಲ್ಲಿ ತೆಂಗಿನ ಮರದ ದಿಮ್ಮಿಯೊಂದನ್ನು ನಿಲ್ಲಿಸಿ, ಅದಕ್ಕೆ ಚೌಕಟ್ಟು ತೊಡಿಸಿ, ಮೆಟ್ಟಿಲಿಗೆ ಮರಳಿನ ಚೀಲ ನೇತುಹಾಕಿಸಿದೆ. ಮೆಟ್ಟಿಲ ತುದಿಯಡಿಯಲ್ಲಿ ಡಯಲ್ ಗೇಜ್ ಇಟ್ಟೆ. ಕೂದಲಿನಷ್ಟು ಕದಲಿದರೂ ಮುಳ್ಳು ಓಡುವ, ಗಡಿಯಾರದಂಥ ಸಾಧನ ಅದು. ಒಂದೊಂದೇ ಚೀಲ ಏರುತ್ತಿದ್ದಂತೆ ಇರ್ಫಾನ್ ಮುಳ್ಳು ಓದುತ್ತಿದ್ದ. ಅರ್ಧ ದಾರಿಯಲ್ಲಿ ಅವನ ಬಾಯಿ ನಿಂತಿತು. ಇರ್ಫಾನನ ಬಾಯಿ ತಾನಾಗಿ ನಿಲ್ಲುವ ಪೈಕಿ ಅಲ್ಲ.

"ಏನೋ?"

"ಅರೇ ಸಾರ್, ಲೆಕ್ಕಕ್ಕಿಂತ ಮೂರು ಪಟ್ಟು ಇಳೀತಾ ಇದೆ. ದೊಡ್ಡಪ್ಪ ಬುರುಡೆ ಬಿಟ್ಟವ್ನೆ."

ಯಜಮಾನರು ಬಂದು ನೋಡಿದರು. "ಗೇಜು ಕೆಟ್ಟಿದೆ."

"ಹೊಸದು ಸಾರ್. ಹೋದ ತಿಂಗಳು ನೀವೇ ಕೊಡ್ಸಿದ್ದು."

"ಹಂಗಾದ್ರೆ ಮರಳು ಒದ್ದೆಯಾಗಿದೆ."

"ಒದ್ದೆ ಮರಳನ್ನೇ ತೂಗಿ ಹಾಕಿರೋದು ಸಾರ್."

"ನೋಡ್ರಿ, ಶುಕ್ರವಾರ ಶುಕ್ರವಾರವೇ" ಎಂದು ಹೊರಟುಹೋದರು.

ನಾನೂ ಇರ್ಫಾನೂ ದೊಡ್ಡಪ್ಪನ ಹೊಟ್ಟೆ ಬಗೆಯಲು ಕೂತೆವು. ಮೊದಲು ಲೆಕ್ಕದ ಮೊತ್ತ ನೋಡಿದೆವು: ಮೆಟ್ಟಿಲಿನ ಮೇಲೆ ಹೇರಿದ ಭಾರ ಎಷ್ಟೋ, ಹಿಡಿದ ಕಡೆಯ ಪ್ರತಿಬಲವೂ ಅಷ್ಟೇ ಇರಬೇಕು. ಇತ್ತು. ಅನೇಕರು ಇಲ್ಲಿಗೇ ಕೈ ತೊಳೆದುಕೊಳ್ಳುತ್ತಾರೆ. ಮೊತ್ತ ಸರಿಯಿದ್ದರೆ ಸಾಲದು, ಯಾರ ತಲೆಯ ಮೇಲೆ ಎಷ್ಟು ಬಿದ್ದಿದೆ ಎಂದೂ ನೋಡಬೇಕು. ನೋಡಿದರೆ ಪಟ್ಟಿಯ ಇಡೀ ಬೆನ್ನು, ಅಂಚಿನಿಂದ ಅಂಚಿಗೆ, ಚೌಕಟ್ಟನ್ನು ಗೋಂದಿನ ಹಾಗೆ ಹಿಡಿದು ನಿಂತಿತ್ತು. ಮೇಲಂಚು ಭಾರದ ಬಹುಪಾಲನ್ನು ಎಳೆದು ಹಿಡಿದಿತ್ತು.

"ಲೇ ಇರ್ಫಾನ್, ಈ ಮೇಲಂಚನ್ನ ಚೌಕಟ್ಟಿಗೆ ಎಳ್ದು ಹಿಡ್ಕೊಂಡಿರೋರು ಯಾರೋ?"

"ಯಾರೂ ಇಲ್ಲ ಸಾರ್. ಬೋಲ್ಟು ಇರೋದೇ ಕೆಳಗೆ, ಎರಡೇ ಎರಡು."

ಅಷ್ಟೇ ವಿಷಯ. ದೊಡ್ಡಪ್ಪ ಬೆಸುಗೆಯ ಕಾಲದವನು. ಬೆಸುಗೆ ಹಾಕಿದ ಪಟ್ಟಿಯ ಬೆನ್ನು ಕಂಬಕ್ಕೆ ನಿಜವಾಗಿಯೂ ಅಂಟಿರುತ್ತದೆ, ಅಲ್ಲಿ ಅವನು ಹೇಳಿದ್ದು ಸತ್ಯ. ಬೋಲ್ಟಿನ ಪಟ್ಟಿಗಳಿಗೂ ನಾವು ಅವನನ್ನೇ ಕೇಳುತ್ತ ಬಂದೆವು, ಅವನು ಅದೇ ಉತ್ತರ ಹೇಳುತ್ತ ಬಂದ. ಅದುವರೆಗಿನ ಪಟ್ಟಿಗಳೆಲ್ಲ ದಪ್ಪನೆಯವು, ಹೊರುವುದು ಸ್ವಿಚ್ ಪೆಟ್ಟಿಗೆಯಂಥ ಹಗುರ ಸಾಮಾನು. ಹಾಗಾಗಿ ಯಾವುದೂ ಬೀಳಲಿಲ್ಲ. ಪೆನ್ಸಿಲೂ ಏಕೆ ಸುಳ್ಳು ಹೇಳಿತು ಎನ್ನುತ್ತೀರಾ? ಆ ಸೂತ್ರವೂ ಪಟ್ಟಿಯ ಬುಡ ಗೋಡೆಯಲ್ಲಿ ಹೂತಿದೆ ಎಂದುಕೊಂಡೇ ಹೊರಡುತ್ತದೆ. ಒಂದೇ ಮನೆಯ ಇಬ್ಬರು ಸಾಕ್ಷಿಗಳು. ಬೆನ್ನನ್ನು ಬಿಡಿಸಿ ಎರಡು ಬೋಲ್ಟಿನ ತೂತುಗಳಲ್ಲಿ ಮಾತ್ರ ಹಿಡಿದು ಓಡಿಸಿದಾಗ ಪಟ್ಟಿ ಬಾಯಿ ತೆರೆದ ಹಾಗೆ ಮೇಲಂಚು ಚೌಕಟ್ಟಿನಿಂದ ಬಿಟ್ಟುಕೊಂಡಿತು. ಬಾಗಿದ ಪ್ರಮಾಣ ಗೇಜಿನ ಮುಳ್ಳಿಗೆ ಹತ್ತಿರ ಬಂತು. ಬೋಲ್ಟಿನ ಸುತ್ತ ಕೆಂಪು. ಈ ಸಲ ಅಂಕಿಯೂ ಕೆಂಪೇ: ಆಕೆ ಒಂದೇ ಕಾಲಿನ ಮೇಲೆ ಭಾರ ಬಿಟ್ಟು ಸ್ವಲ್ಪ ಕುಲುಕಿದರೆ ಪಟ್ಟಿ ವಾಪಸ್ ಬರುವುದಿಲ್ಲ.

ಯಜಮಾನರಿಗೆ ತೋರಿಸಿದೆ. "ಆ ಅಳತೆಪಟ್ಟಿ ಎಳ್ದು ಹಸ್ರು ಮಾಡ್ರಿ" ಎಂದರು.

ಲಕ್ಷ್ಮೀದೇವಮ್ಮನಿಗೆ ಹೇಳಿದರೆ ಅರ್ಥವಾದೀತು ಎಂದುಕೊಂಡೆ. ಆಕೆ ನನ್ನ ಮೇಲೇ ತಿರುಗಿಬಿದ್ದಳು.

"ನೀವ್ ಸುಮ್ಕಿರಿ ಸಾರ್. ಸಂಘದೋರು ಶುಕ್ರವಾರ ನೋಡ್ಲಿಲ್ಲ ಅಂದ್ರೆ ಬೇರೆ ಕಂಪ್ನೀದು ತರಿಸ್ತಾರಂತೆ, ಅವ್ರೇ ಹತ್ತೋರನ್ನೂ ಕರ್ಕೊಂಬತ್ತಾರಂತೆ. ಹೊಲಿಗೆ ಕೆಲ್ಸ ಬಿಟ್ಬಿಟ್ಟಿವ್ನಿ. ನಾನು ಹತ್ತೇ ಹತ್ತೀನಿ."

"ಬಿದ್ದೀಯ ಕಣಮ್ಮ."

"ಬಿದ್ರೆ ನಾನ್ ತಾನೇ ಬೀಳೋದು? ನಿಮ್ಗೇನು?"

ಬೀಳುವವಳಿಗೇ ಬೇಡವಾದ ಎಚ್ಚರಿಕೆಯನ್ನು ಮಾರುವುದಕ್ಕಿಂತ ಕಷ್ಟದ ವ್ಯಾಪಾರ ನಾನು ಮಾಡಿಲ್ಲ. ಆಕೆ ಹೇಳಿದ್ದರಲ್ಲಿ ನ್ಯಾಯವೂ ಇತ್ತು. ಪ್ರದರ್ಶನ ನಿಂತರೆ ನನ್ನ ಸಂಬಳ ನಿಲ್ಲುತ್ತಿರಲಿಲ್ಲ, ಯಜಮಾನರ ಕಾರ್ಖಾನೆ ಮುಚ್ಚುತ್ತಿರಲಿಲ್ಲ. ಹೋಗುವುದು ಆಕೆಯದೊಂದೇ. "ಬೇಡ" ಎನ್ನುವುದು ಸುಲಭ; ಬೇಡ ಎಂದವನು ಬದಲಿಗೆ ಏನನ್ನಾದರೂ ಕೈಗೆ ಇಡಬೇಕು. ಬರಿಗೈಯಲ್ಲಿ ಬೇಡ ಎನ್ನುವ ಎಂಜಿನಿಯರನ ಮಾತನ್ನು ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ.

ಶುಕ್ರವಾರ ಬೆಳಿಗ್ಗೆ ಸಂಘದವರು ಹಿತ್ತಲಲ್ಲಿ ಸೇರುವ ಮೊದಲೇ ಯಜಮಾನರ ಹತ್ತಿರ ಹೋದೆ.

"ಸಾರ್, ಪ್ರದರ್ಶನ ಆಗ್ಲಿ. ಒಂದು ಮಾತು. ಆಕೆ ಹತ್ತೋಕೆ ಮುಂಚೆ ನೀವೊಂದ್ಸಲ ಮೆಟ್ಟಿಲ ಮೇಲೆ ನಿಂತ್ರೆ ಹೆಂಗೆ? ಮೊಣಕಾಲುದ್ದ ಸಾಕು. ಯಜಮಾನ್ರೇ ನಿಂತ್ರು ಅಂದ್ರೆ ಸಂಘದೋರು ಕಣ್ಮುಚ್ಕೊಂಡು ಆರ್ಡರ್ ಕೊಡ್ತಾರೆ."

ಅವರ ಮುಖ ಅರಳಿತು. "ನೋಡಿ, ಇವತ್ತು ಒಂದು ಒಳ್ಳೇ ಐಡಿಯಾ ಕೊಟ್ರಿ ನೀವು."

ಇರ್ಫಾನ್ ನನ್ನ ಕಿವಿಯಲ್ಲಿ, "ಸಾರ್, ನಿಮ್ಮನ್ನ ಶತ್ರು ಮಾಡ್ಕೋಬಾರ್ದು" ಎಂದ. ನಾನು ದಿಮ್ಮಿಯ ಬುಡಕ್ಕೆ ಎರಡು ಗೋಣಿಚೀಲ ತುಂಬ ತೆಂಗಿನ ನಾರು ಹಾಸಿಸಿದೆ. ನಾವೂ ಮನುಷ್ಯರೇ.

ಸಂಘದವರು ಅರ್ಧಚಂದ್ರಾಕಾರವಾಗಿ ನಿಂತರು. ಯಜಮಾನರು ಪ್ಯಾಂಟು ಎಳೆದುಕೊಂಡು, ಚೌಕಟ್ಟು ಹಿಡಿದು, ಮೆಟ್ಟಿಲೇರಿದರು. ಮೆಟ್ಟಿಲು ತಡೆಯಿತು. ಅವರು ನನ್ನ ಕಡೆ ನೋಡಿ ಕಣ್ಣು ಹೊಡೆದರು. ಅಷ್ಟಕ್ಕೆ ಇಳಿದಿದ್ದರೆ ಈ ಕಥೆ ಬೇರೆಯಾಗುತ್ತಿತ್ತು. ಆದರೆ ಮನುಷ್ಯನಿಗೆ ಚಪ್ಪಾಳೆ ಕೇಳಿದರೆ ಕಾಲು ನಿಲ್ಲುವುದಿಲ್ಲ. "ಉಕ್ಕು ಸ್ವಾಮಿ ಇದು, ಉಕ್ಕು!" ಎಂದು ಮೆಟ್ಟಿಲಿನ ಮೇಲೆ ಒಮ್ಮೆ ಕುಲುಕಿದರು. ಪಟ್ಟಿ ಮುರಿಯಲಿಲ್ಲ, ಸದ್ದೂ ಮಾಡಲಿಲ್ಲ. ಬೆನ್ನು ಬಿಟ್ಟುಕೊಂಡು, ದೊಡ್ಡವರಿಗೆ ತಲೆಬಾಗಿಸುವ ಸೊಸೆಯ ಹಾಗೆ ಮೆಲ್ಲಗೆ ಕೆಳಗೆ ಬಾಗಿತು. ಯಜಮಾನರು ಅದರ ಮೇಲಿಂದ ಜಾರಿ ನಾರಿನ ರಾಶಿಯಲ್ಲಿ ಕೂತರು.

ಯಾರೂ ನಗಲಿಲ್ಲ. ಸಂಘದ ಹಿರಿಯರೊಬ್ಬರು, "ಪೆಟ್ಟಾಯ್ತಾ ಸ್ವಾಮಿ?" ಎಂದರು. ಲಕ್ಷ್ಮೀದೇವಮ್ಮ ಮಾತ್ರ ಬಾಗಿದ ಮೆಟ್ಟಿಲನ್ನು ನೋಡಿದಳು, ಆಮೇಲೆ ಕತ್ತೆತ್ತಿ ಕಾಂಪೌಂಡಿನಾಚೆ ತಾನು ಹತ್ತಬೇಕಿದ್ದ ತೆಂಗಿನ ಮರದ ತುದಿಯನ್ನು ನೋಡಿದಳು. ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಕೆಟ್ಟ ಮಾಲು ಎಲ್ಲರ ಮುಂದೆ ಬಯಲಾದ ಗಳಿಗೆಯೇ ಚೌಕಾಸಿಗೆ ಶುಭಮುಹೂರ್ತ ಎಂಬುದನ್ನು ಇಲ್ಲಿ ನಿಮಗೆ ಹೇಳಬೇಕು. ಆಗ ಸುಳ್ಳು ಹೇಳಲು ಯಾರಿಗೂ ಜಾಗವಿರುವುದಿಲ್ಲ. ಊಟದೆಲೆಯ ಮುಂದೆಯೇ ಸಂಘದವರನ್ನು ಹಿಡಿದೆ. "ಎರಡು ವಾರ ಕೊಡಿ. ಬೇರೆ ಕಂಪನಿಯವರ ಮೆಟ್ಟಿಲಿಗೂ ಇದೇ ಪರೀಕ್ಷೆ ನಿಮ್ಮ ಕಣ್ಣೆದುರಿಗೇ ಮಾಡಿಸಿ. ಅವರ ಯಜಮಾನ್ರು ಮೇಲೆ ನಿಲ್ಲೋಕೆ ಒಪ್ತಾರಾ ಕೇಳಿ. ಯಾರದೇ ತಗೊಂಡ್ರೂ ಕಲಿಸೋ ಕೆಲ್ಸ ಲಕ್ಷ್ಮೀದೇವಮ್ಮನದೇ ಅಂತ ಈಗಲೇ ಎಲ್ಲರ ಮುಂದೆ ಹೇಳಿ." ಹಿರಿಯರು ಪಾಯಸ ಕಲಸುತ್ತ ಯೋಚಿಸಿದರು. ಕೊನೆಗೆ, "ಆಯ್ತು ಬಿಡಪ್ಪ. ಹೆಂಗಿದ್ರೂ ಮರ ಎಲ್ಲಿಗೂ ಓಡೋಗಲ್ಲ" ಎಂದರು. ಯಜಮಾನರ ಹತ್ತಿರ ನಾನು ಕೇಳಿದ್ದು ಬೆಲ್ಟ್ ಒಂದನ್ನೇ. ಸೊಂಟ ಹಿಡಿದುಕೊಂಡೇ, "ಎರಡು ಹಾಕಿಸ್ರಿ" ಎಂದರು. ಮನುಷ್ಯ ಕೆಟ್ಟವರಲ್ಲ. ಕೆಳಗೆ ಬೀಳುವುದು ಹೇಗಿರುತ್ತದೆಂದು ಅಲ್ಲಿಯತನಕ ಗೊತ್ತಿರಲಿಲ್ಲ, ಅಷ್ಟೆ.

ಹೊಸ ಮೆಟ್ಟಿಲಿಗೆ ಖಾಲಿ ಫೈಲಿನಿಂದ ಶುರು ಮಾಡಿದೆವು. ಬೆನ್ನನ್ನು ಎತ್ತರಿಸಿ ಮೇಲಂಚಿನ ಹತ್ತಿರ ಇನ್ನೊಂದು ಬೋಲ್ಟ್ ಕೊಟ್ಟೆವು. ಬಗ್ಗಿಸಿದ ಮೂಲೆಗೆ ಒಂದು ತ್ರಿಕೋನದ ಆಸರೆ. ಆ ಮೂಲೆಯನ್ನು ತೆರೆಯ ಮೇಲೆ ಚೂಪಾಗಿ ಬರೆದು, ಅಲ್ಲಿನ ಚೂರುಗಳನ್ನು ಸಣ್ಣ ಮಾಡಿದಷ್ಟೂ ಒತ್ತಡ ಏರುತ್ತಲೇ ಹೋಯಿತು. ನೀವು ಕಾರಿನಲ್ಲಿ ಬಂದಿದ್ದನ್ನು ನೋಡಿದ ತರಕಾರಿಯವನ ಬೆಲೆಯ ಹಾಗೆ ಅದಕ್ಕೆ ಕೊನೆಯೇ ಇಲ್ಲ. ನಿಜವಾದ ಕಬ್ಬಿಣದಲ್ಲಿ ಅಷ್ಟು ಚೂಪು ಮೂಲೆ ಇರುವುದೂ ಇಲ್ಲ. ಮೂಲೆಯನ್ನು ಇರುವ ಹಾಗೆ ದುಂಡಗೆ ಬರೆದೆವು. ಅಂಕಿ ಒಂದು ಕಡೆ ನಿಂತಿತು. ಆಮೇಲೆ ಮತ್ತೆ ಮರಳಿನ ಚೀಲ, ಮತ್ತೆ ಗೇಜು. ಈ ಸಲ ಮುಳ್ಳು ನಾವು ಹೇಳಿದ ಜಾಗದ ಪಕ್ಕದಲ್ಲೇ ನಿಂತಿತು. ಚೀಲ ಇಳಿಸಿದಾಗ ಸೊನ್ನೆಗೆ ಬಂದು ಕೂತಿತು. "ವಾಪಸ್ ಬಂತು ಸಾರ್!" ಎಂದು ಇರ್ಫಾನ್ ಕೂಗಿದ್ದು ಗೇಟಿನ ಕಾವಲುಗಾರನಿಗೂ ಕೇಳಿಸಿತು.

ಇನ್ನು ಮುಂದೆ ಯಾರದಾದರೂ ಹಳೆಯ ಫೈಲು ಕೈಗೆ ಬಂದರೆ ಒಂದೇ ಪ್ರಶ್ನೆ ಕೇಳಿ: ಇದರಲ್ಲಿ ಯಾರು ಯಾರನ್ನು ಹಿಡಿದುಕೊಂಡಿದ್ದಾರೆ, ಹೊರಗೆ ನಿಜವಾಗಿ ಹಿಡಿದುಕೊಳ್ಳುವವರು ಯಾರು? ಉಳಿದ ವಿದ್ಯೆಯನ್ನೆಲ್ಲ ಸಾಫ್ಟ್‌ವೇರ್ ನಿಮಗಿಂತ ಚೆನ್ನಾಗಿ ಬಲ್ಲದು.

ತ್ಯಾಮಗೊಂಡ್ಲು ಹತ್ತಿರದ ತೋಟದಲ್ಲಿ, ಒಳ್ಳೆಯ ಎತ್ತರದ ಮರವೊಂದರ ಬುಡದಲ್ಲಿ ಸಂಘದವರು ಮತ್ತೆ ಸೇರಿದರು. ಲಕ್ಷ್ಮೀದೇವಮ್ಮ ಸೀರೆಯ ಮೇಲೆ ಗಂಡನ ಷರಟು ತೊಟ್ಟು, ಬೆಲ್ಟ್ ಬಿಗಿದು, ಮೊದಲು ಮೊಣಕಾಲುದ್ದದಲ್ಲಿ ನಿಂತು ಬೇಕೆಂದೇ ಕುಲುಕಿ ನೋಡಿದಳು. ಯಜಮಾನರು ಬೇರೆ ಕಡೆ ಮುಖ ತಿರುಗಿಸಿದರು. ಆಮೇಲೆ ಆಕೆ ಕೈ, ಕಾಲು, ಕೈ, ಕಾಲು ಎನ್ನುತ್ತ ಮೇಲೇರತೊಡಗಿದಳು. ನಾನು ಬುಡಕ್ಕೆ ಅಂಟಿ ನಿಂತು, ಕತ್ತು ನೋಯುವ ತನಕ ಆ ಮೆಟ್ಟಿಲನ್ನೇ ನೋಡಿದೆ. ಪ್ರತಿ ಹೆಜ್ಜೆಗೂ ಅದು ಬಾಗುತ್ತಿತ್ತು, ಕಾಲೆತ್ತಿದ ಕೂಡಲೇ ವಾಪಸ್ ಬರುತ್ತಿತ್ತು. ಕೂದಲೆಳೆಯಷ್ಟು ಬಾಗುವುದು ಕೆಳಗಿನಿಂದ ಯಾರ ಕಣ್ಣಿಗೂ ಕಾಣಲು ಸಾಧ್ಯವಿಲ್ಲ ಎಂಬುದು ನನಗೆ ಗೊತ್ತು. ಆದರೂ ನನಗೆ ಕಾಣುತ್ತಿತ್ತು.

ಗರಿಗಳ ನಡುವೆ ಆಕೆಯ ತಲೆ ಮರೆಯಾಯಿತು. ಕತ್ತಿಯ ಸದ್ದು ಕೇಳಿಸಿತು. ಆಮೇಲೆ ಮೇಲಿನಿಂದ ದನಿ:

"ಸಾರ್! ಮೆಟ್ಲು ನೋಡಿದ್ದು ಸಾಕು, ಆಚ್ಗೋಗಿ! ಕಾಯಿ ಬಿಡ್ತಾ ಇವ್ನಿ, ಇದು ಬಿದ್ದೇ ಬೀಳ್ತದೆ!"